ಟಿ.ವಿ.ಎಸ್. ಎಂಬ ಮೂರಕ್ಷರದ ಹಿಂದಿನ ಮನುಷ್ಯ

ಬೆಳಿಗ್ಗೆ ಮೀನಿನ ಬುಟ್ಟಿ ಕಟ್ಟಿಕೊಂಡು ಹಾರನ್ ಬಾರಿಸುತ್ತ ಬರುವ ಮೊಪೆಡ್ಡಿನ ಮೇಲೆ ಟಿ.ವಿ.ಎಸ್. ಎಂಬ ಮೂರು ಅಕ್ಷರಗಳನ್ನು ನೋಡದವರು ನಮ್ಮ ಜಿಲ್ಲೆಯಲ್ಲಿ ಯಾರೂ ಇರಲಾರರು. ಅದು ಒಬ್ಬ ಮನುಷ್ಯನ ಹೆಸರೆಂದು ಎಂಟನೆಯ ತರಗತಿಯ ಮಕ್ಕಳಿಗೆ ಹೇಳಿದಾಗ ಅವರು ನಂಬಲಿಲ್ಲ. ಕಂಪೆನಿಯ ಹೆಸರು ಕಂಪೆನಿಯದ್ದೇ ಎಂದು ಅವರ ವಾದ. ಆ ಮೊಪೆಡ್ಡು ಹೊಸೂರಿನಿಂದ ಹೊರಬಂದದ್ದು 1980ರಲ್ಲಿ. ಹೆಸರಿನ ಒಡೆಯರು ತೀರಿಕೊಂಡು ಆಗಲೇ 25 ವರ್ಷಗಳಾಗಿದ್ದವು. ಅವರು ಬಾಳಿದ್ದು ಮಧುರೆಯಲ್ಲಿ, ಬೆಳೆಸಿದ್ದು ಬಸ್ಸುಗಳನ್ನು, ಅವುಗಳಿಗಿಂತ ಹೆಚ್ಚಾಗಿ ಬಸ್ಸುಗಳನ್ನು ಕೆಡದಂತೆ ನೋಡಿಕೊಳ್ಳುವ ಒಂದು ಪದ್ಧತಿಯನ್ನು.

ತಿರುನೆಲ್ವೇಲಿ ಜಿಲ್ಲೆಯ ತಿರುಕ್ಕುರುಂಗುಡಿ ಪಶ್ಚಿಮಘಟ್ಟದ ಬುಡದಲ್ಲಿರುವ ಒಂದು ವೈಷ್ಣವ ಕ್ಷೇತ್ರ. ತಿರುಕ್ಕುರುಂಗುಡಿ ವೆಂಗಾರಂ ಸುಂದರಂ ಅಯ್ಯಂಗಾರರು ಅಲ್ಲಿ 1877ನೇ ಮಾರ್ಚ್ 22ರಂದು ಹುಟ್ಟಿದರು. ತಂದೆಯ ಇಚ್ಛೆಯಂತೆ ವಕೀಲಿಗೆ ಇಳಿದರು, ಅದು ರುಚಿಸಲಿಲ್ಲ. ರೈಲ್ವೆಯಲ್ಲಿ ಕೆಲಸ ಮಾಡಿದರು, ಆಮೇಲೆ ಒಂದು ಬೇಂಕಿನಲ್ಲಿ. ಹೆಂಡತಿ ಲಕ್ಷ್ಮೀ ಅಮ್ಮಾಳ್, ಕೈತುಂಬ ಮಕ್ಕಳು, ತಿಂಗಳ ಸಂಬಳ. ಇಷ್ಟು ಇದ್ದವನು ಸಂಬಳ ಬಿಟ್ಟು ಮೋಟಾರಿಗೆ ಕೈಹಾಕುವುದೆಂದರೆ ಆಗಿನ ಲೆಕ್ಕದಲ್ಲಿ ಹುಚ್ಚೇ ಸರಿ. 1912ರಲ್ಲಿ, ತಮ್ಮ 35ನೆಯ ವಯಸ್ಸಿನಲ್ಲಿ, ಅವರು ಬಸ್ಸು ಓಡಿಸತೊಡಗಿದರು. ದಕ್ಷಿಣ ಭಾರತದ ಮೋಟಾರು ಸಾರಿಗೆಯ ಇತಿಹಾಸ ಬರೆಯುವವರು ಮೊದಲ ಪುಟದಲ್ಲಿ ಇಡುವ ವರ್ಷ ಅದು.

ಮಧುರೆ ನಮಗೆ ದೂರದ ಊರೆಂದು ವಾಚಕರು ತಿಳಿಯಬಾರದು. 1956ರ ನವೆಂಬರ್ 1ರ ತನಕ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡವೂ ಮಧುರೆಯೂ ಒಂದೇ ಮದ್ರಾಸು ಪ್ರಾಂತದ ಜಿಲ್ಲೆಗಳು. ನಮ್ಮ ಅಜ್ಜಂದಿರು ಹತ್ತಿದ ಬಸ್ಸಿಗೂ ಅಯ್ಯಂಗಾರರ ಬಸ್ಸಿಗೂ ಕಾನೂನು ಒಂದೇ, ಇಂಧನದ ಕಷ್ಟ ಒಂದೇ. ಆಗಿನ ಮಧುರೆ ಜಿಲ್ಲೆಯೂ ಇಂದಿನಂತೆ ಸಣ್ಣದಲ್ಲ. 1985ರಲ್ಲಿ ಬೇರೆಯಾದ ದಿಂಡಿಗಲ್, 1990ರ ದಶಕದಲ್ಲಿ ಬೇರೆಯಾದ ತೇನಿ, ಕೊಡೈಕನಾಲಿನ ಬೆಟ್ಟ, ಕಂಬಂ ಕಣಿವೆ ಎಲ್ಲವೂ ಅದರೊಳಗೆ ಇದ್ದವು.

ಆ ಕಾಲದ ಮೋಟಾರೆಂದರೆ ಹೆಚ್ಚಾಗಿ ಅಮೆರಿಕದ್ದು. ಫೋರ್ಡ್ ಕಂಪೆನಿ 1908ರಿಂದ 1927ರ ವರೆಗೆ ಒಂದೇ ಮಾದರಿಯ ಕಾರನ್ನು, ಟಿ ಮಾಡೆಲ್ಲನ್ನು, ಒಂದೂವರೆ ಕೋಟಿಯಷ್ಟು ಮಾಡಿ ಲೋಕಕ್ಕೆಲ್ಲ ಹಂಚಿತ್ತು. ಅದರಲ್ಲಿ ಪೆಟ್ರೋಲಿನ ಟಾಂಕಿ ಸೀಟಿನಡಿಯಲ್ಲಿ. ಪಂಪು ಇಲ್ಲ, ಪೆಟ್ರೋಲು ತನ್ನ ಭಾರದಿಂದಲೇ ಎಂಜಿನಿಗೆ ಇಳಿಯಬೇಕು. ಕಡಿದಾದ ಏರಿನಲ್ಲಿ ಎಂಜಿನು ಟಾಂಕಿಗಿಂತ ಮೇಲಾಗುವುದರಿಂದ ಪೆಟ್ರೋಲು ಇಳಿಯದೆ ಗಾಡಿ ನಿಲ್ಲುತ್ತಿತ್ತು. ಆಗ ಡ್ರೈವರು ಗಾಡಿ ತಿರುಗಿಸಿ ಹಿಮ್ಮುಖವಾಗಿ ಏರು ಹತ್ತಿಸುತ್ತಿದ್ದ! ಹೀಗೆ ಹತ್ತಿಸುವ ಕಾರು ಯಾವುದೆಂದು ವಿಜ್ಞಾನದ ತರಗತಿಯಲ್ಲಿ ಕೇಳಿದರೆ ಮಕ್ಕಳು ನಗುತ್ತಾರೆ, ಕಾರಣ ಹೇಳಿದ ಮೇಲೆ ಗುರುತ್ವಾಕರ್ಷಣೆಯನ್ನು ಮರೆಯುವುದಿಲ್ಲ.

1928ರಲ್ಲಿ ಜನರಲ್ ಮೋಟಾರ್ಸ್ ಕಂಪೆನಿ ಬೊಂಬಾಯಿಯಲ್ಲಿ ಜೋಡಣೆಯ ಕಾರ್ಖಾನೆ ತೆರೆಯಿತು. ಮರುವರ್ಷ ಅವರ ಷೆವ್ರೊಲೆ ಗಾಡಿಗೆ ಆರು ಸಿಲಿಂಡರಿನ ಹೊಸ ಎಂಜಿನು ಬಂತು. ನಾಲ್ಕು ಸಿಲಿಂಡರಿನ ಕ್ರಯಕ್ಕೆ ಆರು ಸಿಲಿಂಡರು ಎಂಬುದೇ ಅದರ ಆಕರ್ಷಣೆ. ಮಧುರೆಯ ಟಿ.ವಿ.ಎಸ್. ಮನೆತನ ಮುಂದೆ ಈ ಜನರಲ್ ಮೋಟಾರ್ಸಿನ ವಿತರಕರಾಗಿ ಹೆಸರು ಪಡೆಯಿತು. ಅವರದೇ ಸದರ್ನ್ ರೋಡ್‌ವೇಸ್ ಸಂಸ್ಥೆಯ ಬಸ್ಸು ಲಾರಿಗಳು ಮಧುರೆ ಸೀಮೆಯಲ್ಲೆಲ್ಲ ಓಡಿದವು. ಗಾಡಿ ಮಾರುವವರೂ ಅವರೇ, ಓಡಿಸುವವರೂ ಅವರೇ, ರಿಪೇರಿ ಮಾಡುವವರೂ ಅವರೇ. ಅವರ ಏಳಿಗೆಯ ಗುಟ್ಟು ಇದರಲ್ಲಿದೆ ಎಂದು ನನ್ನ ಅಭಿಪ್ರಾಯ. ಬರೇ ಮಾರುವವನಿಗೆ ಗಾಡಿ ಕೆಟ್ಟರೆ ಬಿಡಿಭಾಗದ ಲಾಭ. ಓಡಿಸುವವನಿಗಾದರೆ ನಿಂತ ಗಾಡಿ ದಿನವೂ ನಷ್ಟ. ಎರಡನ್ನೂ ಮಾಡಿದವನಿಗೆ ಮಾತ್ರ ಗಾಡಿ ಯಾಕೆ ಕೆಟ್ಟಿತು ಎಂಬ ಪ್ರಶ್ನೆ ಮುಖ್ಯವಾಗುತ್ತದೆ.

ಆ ಷೆವ್ರೊಲೆ ಎಂಜಿನಿನ ರಿಪೇರಿಯ ಬಗ್ಗೆ ಎರಡು ಮಾತು ಹೇಳಬೇಕು. ಅದರ ಬೇರಿಂಗುಗಳು ಇಂದಿನಂತೆ ಅಂಗಡಿಯಿಂದ ತಂದು ಹಾಕುವ ಚಿಪ್ಪುಗಳಲ್ಲ. ತವರ ಬೆರೆತ ಬಿಳಿ ಲೋಹವನ್ನು ಕರಗಿಸಿ ಕನೆಕ್ಟಿಂಗ್ ರಾಡಿನ ಬಾಯಿಗೆ ಎರಕ ಹೊಯ್ಯಬೇಕು. ತಣಿದ ಮೇಲೆ ಕ್ರಾಂಕಿಗೆ ನೀಲಿ ಬಣ್ಣ ಸವರಿ ಕೂರಿಸಿ ತಿರುಗಿಸಿದರೆ ಬಣ್ಣ ಹತ್ತಿದ ಜಾಗ ಎತ್ತರದ್ದೆಂದು ಗೊತ್ತಾಗುತ್ತದೆ. ಅದನ್ನು ಕೈಯಲ್ಲೇ ಕೆರೆಯಬೇಕು. ಮತ್ತೆ ಬಣ್ಣ, ಮತ್ತೆ ಕೆರೆತ. ಸವೆದಂತೆಲ್ಲ ನಡುವೆ ಇಟ್ಟ ತೆಳು ತಗಡಿನ ಹಾಳೆ ಒಂದೊಂದನ್ನೇ ತೆಗೆದು ಬಿಗಿ ಮಾಡಬೇಕು. ಎಣ್ಣೆಯೂ ಪಂಪಿನ ಒತ್ತಡದಿಂದ ರಾಡಿಗೆ ಹೋಗುವುದಿಲ್ಲ. ರಾಡಿನ ತುದಿಯ ಸಣ್ಣ ಸೌಟು ತೊಟ್ಟಿಯ ಎಣ್ಣೆಯನ್ನು ಮೊಗೆದುಕೊಳ್ಳುತ್ತದೆ. ಎಣ್ಣೆ ಒಂದಿಷ್ಟು ಕಡಿಮೆಯಾದರೂ ಬಿಳಿ ಲೋಹ ಕರಗಿ ಎಂಜಿನು ಬಡಿಯತೊಡಗುತ್ತದೆ. ಮೇಲೆ ಟ್ಯಾಪೆಟ್ಟಿನ ಸಂದು, ಡಿಸ್ಟ್ರಿಬ್ಯೂಟರಿನ ಪಾಯಿಂಟಿನ ಸಂದು, ಕಾರ್ಬೊರೇಟರಿನ ಕಸ. ಇಷ್ಟನ್ನೂ ಕೆಡುವ ಮೊದಲೇ ನೋಡಿದರೆ ಆ ಗಾಡಿ ಇಪ್ಪತ್ತು ವರ್ಷ ಓಡುತ್ತದೆ. ಕೆಟ್ಟ ಮೇಲೆ ನೋಡುವವನ ಕೈಯಲ್ಲಿ ಎರಡು ವರ್ಷಕ್ಕೆ ಗುಜರಿ.

ಮಧುರೆಯ ಕಡೆ ಹಳಬರು ಈಗಲೂ ಹೇಳುವ ಕಥೆಗಳು ಎರಡಿವೆ. ಟಿ.ವಿ.ಎಸ್. ಬಸ್ಸು ಹಾದುಹೋದಾಗ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ಇನ್ನೊಂದು, ಎತ್ತು ಕುದುರೆಗಳ ಲಾಳದಿಂದ ಉದುರಿದ ಮೊಳೆಗಳಿಂದ ಟಯರು ತೂತಾಗುವುದನ್ನು ತಪ್ಪಿಸಲು ಅಯಸ್ಕಾಂತ ಕಟ್ಟಿದ ಗಾಡಿಯೊಂದನ್ನು ಅವರು ರಸ್ತೆಯುದ್ದಕ್ಕೂ ಓಡಿಸಿ ಮೊಳೆ ಹೆಕ್ಕಿಸುತ್ತಿದ್ದರಂತೆ. ಇಂತಹ ಕಥೆಗಳು ಬಾಯಿಂದ ಬಾಯಿಗೆ ಬೆಳೆಯುತ್ತವೆಂಬುದು ನಿಜ. ಆದರೆ ಬೇರೆ ಧನಿಕರ ಬಗ್ಗೆ ಜನ ಬಂಗಲೆಯ ಕಥೆ ಹೇಳುತ್ತಾರೆ, ಚಿನ್ನದ ಕಥೆ ಹೇಳುತ್ತಾರೆ. ಇವರ ಬಗ್ಗೆ ಮೊಳೆಯ ಕಥೆ ಹೇಳಿದ್ದು ಸುಮ್ಮನೆ ಅಲ್ಲ.

ಇಲ್ಲಿ ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಬಿಳಿ ಲೋಹ ಕೆರೆದ ಕೈಗಳು ಅಯ್ಯಂಗಾರರದ್ದಲ್ಲ. ಗ್ರೀಸು ಮೆತ್ತಿದ ಆ ಮೇಸ್ತ್ರಿಗಳ, ಫಿಟ್ಟರುಗಳ, ಕ್ಲೀನರುಗಳ ಹೆಸರು ಯಾವ ಪುಸ್ತಕದಲ್ಲಿಯೂ ಬರಲಿಲ್ಲ. ಬಸ್ಸು ಬಂದ ದಾರಿಯಲ್ಲಿ ಎತ್ತಿನ ಗಾಡಿಯವರ ಅನ್ನ ಕಡಿಮೆಯಾದದ್ದೂ ಹೌದು. ಆದರೂ ಕೆಲಸಗಾರನನ್ನು ಮನೆಯವನಂತೆ ಇಟ್ಟುಕೊಂಡ ಮನೆತನವೆಂಬ ಹೆಸರು ಅವರಿಗೆ ಮಧುರೆಯಲ್ಲಿ ಉಳಿದಿದೆ. ಅಪ್ಪ ಸೇರಿದ ವರ್ಕ್‌ಶಾಪಿಗೆ ಮಗನೂ ಸೇರುವುದು ಅಲ್ಲಿ ಸಾಮಾನ್ಯವಾಗಿತ್ತು.

ಕಂಬಂ ಕಣಿವೆಯ ದಾರಿಯನ್ನು ನಾನು ಕಂಡದ್ದು ಶಾಲೆಯ ಪ್ರವಾಸದಲ್ಲಿ. ಕುಮಿಳಿಯಿಂದ ಗಡಿ ದಾಟಿದರೆ ಬಸ್ಸು ಘಾಟಿ ಇಳಿಯತೊಡಗುತ್ತದೆ. 1895ರಲ್ಲಿ ಕಟ್ಟಿ ಮುಗಿಸಿದ ಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟ ಕೊರೆದ ಸುರಂಗದಿಂದ ಈ ಕಡೆ ಬಂದು, ದೊಡ್ಡ ಕೊಳವೆಗಳಲ್ಲಿ ಕೆಳಗಿಳಿದು ವಿದ್ಯುತ್ತು ಕೊಟ್ಟು, ಕಣಿವೆಯ ಗದ್ದೆಗಳಿಗೆ ಹರಿಯುತ್ತದೆ. ಮಕ್ಕಳು ಕಿಟಕಿಯಿಂದ ಅದನ್ನು ನೋಡುತ್ತಿದ್ದಾಗಲೇ ಸುಟ್ಟ ವಾಸನೆ ಬಂತು. ಡ್ರೈವರು ಹೇಗೋ ಇಳಿಸಿ ಬಯಲಲ್ಲಿ ನಿಲ್ಲಿಸಿದಾಗ ಹಿಂದಿನ ಚಕ್ರದಿಂದ ಹೊಗೆ ಏಳುತ್ತಿತ್ತು. ಬಾಡಿಗೆ ಕಡಿಮೆಯೆಂದು ನಾವೇ ಆರಿಸಿದ ಬಸ್ಸು. ಅದರ ಬ್ರೇಕು ಬಿಚ್ಚಿ ನೋಡಿ ಎಷ್ಟು ಕಾಲವಾಗಿತ್ತೋ. 48 ಮಕ್ಕಳು, ಮೂವರು ಅಧ್ಯಾಪಕರು. ಆ ಅರ್ಧ ಗಂಟೆ ನನ್ನ ಕೈಕಾಲು ನಡುಗುತ್ತಲೇ ಇತ್ತು.

ನಮ್ಮ ಹುಡುಗನೊಬ್ಬ ಬಕೆಟಿನಲ್ಲಿ ನೀರು ತಂದು ಚಕ್ರಕ್ಕೆ ಎರಚಲು ಹೊರಟಿದ್ದ. ಹತ್ತಿರದ ಟಯರು ಅಂಗಡಿಯ ಮುದುಕರೊಬ್ಬರು ಓಡಿ ಬಂದು ತಡೆದರು. ಕಾದ ಬ್ರೇಕು ಡ್ರಮ್ಮಿನ ಮೇಲೆ ತಣ್ಣೀರು ಬಿದ್ದರೆ ಎರಕದ ಕಬ್ಬಿಣ ಬಿರಿಯುತ್ತದೆ. ಅದು ತಾನಾಗಿ ತಣಿಯಲಿ ಎಂದು ಕೂರಿಸಿ, ಒಂದು ಗಂಟೆ ಬಿಟ್ಟು ಚಕ್ರ ಕಳಚಿ, ಹಿಂದಕ್ಕೆ ಸರಿಯದೆ ಕಚ್ಚಿ ಕುಳಿತ ಬ್ರೇಕು ಷೂವನ್ನು ಬಿಡಿಸಿದರು. ಸ್ಪ್ರಿಂಗೊಂದು ತುಂಡಾಗಿತ್ತು. ಆ ಗಂಟೆಯ ಹೊತ್ತಿನಲ್ಲಿ ನಾವು ನಾವೇ ಕನ್ನಡದಲ್ಲಿ ಮಾತಾಡುವುದನ್ನು ಕೇಳಿ ಅವರ ಮುಖ ಅರಳಿತು. ಅವರೂ ಕನ್ನಡದಲ್ಲಿ ಮಾತಾಡಿದರು! ನಮ್ಮ ಕನ್ನಡವಲ್ಲ, ತಮಿಳಿನ ರಾಗ ಸೇರಿದ, ಕಿವಿಗೊಟ್ಟು ಕೇಳಬೇಕಾದ ಹಳೆಯ ಮನೆಮಾತು. ಕಂಬಂ, ಬೋಡಿನಾಯಕನೂರು, ತೇನಿಯ ಕಡೆ ತಲೆಮಾರುಗಳ ಹಿಂದೆ ಹೋಗಿ ನೆಲೆಸಿದ ಒಕ್ಕಲಿಗ ಕಪ್ಪಿಲಿಯರ ಮನೆಗಳಲ್ಲಿ ಈ ಮಾತು ಉಳಿದಿದೆ. ಓದಲು ಬರೆಯಲು ಅವರಿಗೆ ತಮಿಳು ಮಾತ್ರ. ಅವರು ಯುವಕರಾಗಿದ್ದಾಗ ಕೆಲಸ ಕಲಿತ ಗುರು ಹಳೆಯ ಟಿ.ವಿ.ಎಸ್. ಫಿಟ್ಟರಂತೆ. ಕೊಡಹೋದ ಹಣದಲ್ಲಿ ಸ್ಪ್ರಿಂಗಿನ ಕ್ರಯವನ್ನು ಮಾತ್ರ ತೆಗೆದುಕೊಂಡರು. ಈ ಲೇಖನ ಬರೆಯಬೇಕೆಂದು ಅನಿಸಿದ್ದು ಅಂದೇ.

ಅಯ್ಯಂಗಾರರ ಪದ್ಧತಿಗೆ ನಿಜವಾದ ಪರೀಕ್ಷೆ ಬಂದದ್ದು ಎರಡನೆಯ ಮಹಾಯುದ್ಧದಲ್ಲಿ. ಪೆಟ್ರೋಲಿಗೆ ರೇಷನು ಬಂತು. 1942ರಲ್ಲಿ ಜಪಾನೀಯರು ಮಲಯವನ್ನು ಹಿಡಿದ ಮೇಲೆ ರಬ್ಬರೂ ಟಯರೂ ದುರ್ಲಭವಾದವು. ಬಸ್ಸಿನ ಯಜಮಾನರು ಹಲವರು ಗಾಡಿಗಳನ್ನು ಶೆಡ್ಡಿನಲ್ಲಿ ನಿಲ್ಲಿಸಿ ಕೈಕಟ್ಟಿ ಕುಳಿತರು. ಅಯ್ಯಂಗಾರರಿಗೆ ಆಗ 65 ವರ್ಷ. ಅವರು ಇದ್ದಲಿನಿಂದ ಗಾಡಿ ಓಡಿಸುವ ಗ್ಯಾಸ್ ಪ್ಲಾಂಟನ್ನು ತಮ್ಮಲ್ಲೇ ವಿನ್ಯಾಸಗೊಳಿಸಿ ತಯಾರಿಸಿದರು. ಅದು ಟಿ.ವಿ.ಎಸ್. ಗ್ಯಾಸ್ ಪ್ಲಾಂಟ್ ಎಂದೇ ಹೆಸರಾಯಿತು.

ಬಸ್ಸಿನ ಹಿಂಭಾಗಕ್ಕೆ ಹಂಡೆಯಂತಹದೊಂದನ್ನು ಕಟ್ಟಿ, ನಮ್ಮಲ್ಲಿ ಮಸಿ ಎಂದು ಕರೆಯುವ ಮರದ ಇದ್ದಲನ್ನು ತುಂಬಿ, ಗಾಳಿ ಊದಿ ಬೆಂಕಿ ಹಿಡಿಸುತ್ತಿದ್ದುದನ್ನು ನನ್ನ ಅಜ್ಜ ವರ್ಣಿಸುವುದಿತ್ತು. ಗಾಳಿ ಸಾಲದಂತೆ ಉರಿಸಿದರೆ ಇದ್ದಲಿನಿಂದ ಕಾರ್ಬನ್ ಮೊನಾಕ್ಸೈಡು ಹುಟ್ಟುತ್ತದೆ. ಅದು ಉರಿಯುವ ಅನಿಲ. ಅದನ್ನು ತಣಿಸಿ, ಬೂದಿ ಸೋಸಿ, ಗಾಳಿ ಬೆರೆಸಿ ಎಂಜಿನಿಗೆ ಬಿಟ್ಟರೆ ಪೆಟ್ರೋಲಿನ ಎಂಜಿನೇ ಓಡುತ್ತದೆ. ಆದರೆ ಶಕ್ತಿ ಮೂರನೇ ಒಂದು ಪಾಲಿನಿಂದ ಅರ್ಧದ ತನಕ ಕಡಿಮೆ. ಏರು ಬಂದಾಗ ಜನ ಇಳಿದು ನಡೆಯಬೇಕು, ಕೆಲವೊಮ್ಮೆ ದೂಡಬೇಕು. ಮುಂಜಾನೆ ಕ್ಲೀನರು ಎಲ್ಲರಿಗಿಂತ ಮೊದಲು ಎದ್ದು ಬೆಂಕಿ ಊದಬೇಕು. ಸೋಸುವ ಜಾಳಿಗೆ ದಿನವೂ ತೊಳೆಯದಿದ್ದರೆ ಬೂದಿ ಸಿಲಿಂಡರಿಗೆ ಹೋಗಿ ಪಿಸ್ಟನಿನ ರಿಂಗು ತಿಂದುಹಾಕುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಉರಿಸಿದರೆ ಆ ಅನಿಲ ವಾಸನೆಯೇ ಇಲ್ಲದೆ ಮನುಷ್ಯನನ್ನು ಕೊಲ್ಲುತ್ತದೆ. ಪ್ಲಾಂಟು ಕಟ್ಟಿದರೆ ಸಾಲದು, ಅದರ ಸೇವೆ ಮಾಡುವ ಶಿಸ್ತೂ ಬೇಕಿತ್ತು. ಮಧುರೆಯಲ್ಲಿ ಆ ಶಿಸ್ತು ಆಗಲೇ 30 ವರ್ಷ ಹಳೆಯದು.

ಟಯರಿನ ಕಷ್ಟಕ್ಕೂ ಅವರು ದಾರಿ ಕಂಡರು. ಸವೆದ ಟಯರಿನ ಮೇಲ್ಮೈಯನ್ನು ಉಜ್ಜಿ ಒರಟು ಮಾಡಿ, ಹಸಿ ರಬ್ಬರಿನ ಪಟ್ಟಿ ಅಂಟಿಸಿ, ಅಚ್ಚಿನಲ್ಲಿಟ್ಟು ಉಗಿಯಿಂದ ಬೇಯಿಸಿ ಹೊಸ ಮೈ ಕೊಡುವ ರೀಟ್ರೆಡಿಂಗ್ ಕಾರ್ಖಾನೆಯನ್ನು ಸ್ಥಾಪಿಸಿದರು. ರಬ್ಬರು ಬೆಳೆಯುವ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿಡಿಭಾಗಗಳಿಗಾಗಿ ಮದ್ರಾಸ್ ಆಟೊ ಸರ್ವಿಸ್, ವಾಹನಗಳಿಗಾಗಿ ಸುಂದರಂ ಮೋಟಾರ್ಸ್ ಎಂದು ಒಂದೊಂದೇ ಸಂಸ್ಥೆ ಹುಟ್ಟಿಕೊಂಡವು.

ಎಂಜಿನಿನ ಬಡಿತ ಕೇಳಿ ರೋಗ ಹೇಳುವ ಜಾಣರಿಗೆ ಮನೆಯ ಮಾತು ಅಷ್ಟು ಸುಲಭವಲ್ಲ. ಅಯ್ಯಂಗಾರರ ಮಗಳು ಸೌಂದರಂ 1904ರಲ್ಲಿ ಹುಟ್ಟಿದವರು. ಆಗಿನ ರೂಢಿಯಂತೆ ಎಳೆಯ ವಯಸ್ಸಿನಲ್ಲೇ ಮದುವೆ. ಗಂಡ ಡಾಕ್ಟರು, ಪ್ಲೇಗಿನ ರೋಗಿಗಳನ್ನು ನೋಡುತ್ತ ತಾನೇ ಪ್ಲೇಗಿಗೆ ತುತ್ತಾದರು. ಯೌವನದಲ್ಲೇ ವಿಧವೆಯಾದ ಮಗಳನ್ನು ಅಯ್ಯಂಗಾರರ ಮನೆ ಮೂಲೆಗೆ ಕೂರಿಸಲಿಲ್ಲ. ಆಕೆ ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ವೈದ್ಯಶಾಸ್ತ್ರ ಓದಿ 1936ರಲ್ಲಿ ಡಾಕ್ಟರಾದರು. ಶ್ರೀವೈಷ್ಣವ ಮನೆತನವೊಂದು ಆ ಕಾಲದಲ್ಲಿ ಇಷ್ಟು ದೂರ ಬಂದದ್ದೇ ದೊಡ್ಡದು.

ಆದರೆ ಅಲ್ಲಿಂದ ಮುಂದೆ ತಂದೆಗೆ ಹೆಜ್ಜೆ ಇಡಲಾಗಲಿಲ್ಲ. ಮಗಳು ಗಾಂಧೀಜಿಯವರ ಶಿಷ್ಯ, ನೆಯ್ಯಾಟ್ಟಿಂಕರದ ಜಿ. ರಾಮಚಂದ್ರನ್ ಅವರನ್ನು ಮದುವೆಯಾಗಲು ಬಯಸಿದರು. ವಿಧವೆ, ಜಾತಿ ಬೇರೆ. ತಂದೆತಾಯಿ ಒಪ್ಪಲಿಲ್ಲ. ಇಬ್ಬರೂ ಒಂದು ವರ್ಷ ಕಾಣದೆ, ಕಾಗದ ಬರೆಯದೆ ಇದ್ದು ನೋಡಬೇಕೆಂದು ಗಾಂಧೀಜಿ ಷರತ್ತು ಹಾಕಿದರು. ವರ್ಷ ಕಳೆದರೂ ಇಬ್ಬರ ಮನಸ್ಸು ಬದಲಾಗಲಿಲ್ಲ. 1940ರ ನವೆಂಬರಿನಲ್ಲಿ ಗಾಂಧೀಜಿಯವರ ಆಶೀರ್ವಾದದಿಂದ ಮದುವೆಯಾಯಿತು. ಮಧುರೆಯ ಅತಿ ದೊಡ್ಡ ಮನೆಗಳಲ್ಲಿ ಒಂದರ ಮಗಳು ತವರಿನ ಒಪ್ಪಿಗೆಯಿಲ್ಲದೆ ಖಾದಿಯಲ್ಲಿ ಮದುವೆಯಾದಳು. ಆ ದಿನ ಮಧುರೆಯ ಮನೆಯಲ್ಲಿ ಏನು ಮಾತಾಡಿಕೊಂಡರೋ, ಬರೆದಿಟ್ಟವರಿಲ್ಲ. ಇದನ್ನು ಓದುವಾಗ ಹೆಣ್ಣುಮಕ್ಕಳಿರುವ ನನಗೆ ತಂದೆಯ ಮೇಲೆ ಸಿಟ್ಟೂ ಬಂತು, ಒಂದಿಷ್ಟು ಕನಿಕರವೂ ಬಂತು.

1947ರಲ್ಲಿ ಆ ದಂಪತಿಗಳು ದಿಂಡಿಗಲ್ಲಿನ ಹತ್ತಿರ, ಚಿನ್ನಾಳಪಟ್ಟಿಯ ಬಳಿ, ಗಾಂಧಿಗ್ರಾಮ ಸಂಸ್ಥೆಯನ್ನು ಕಟ್ಟಿದರು. ಮಧುರೆಯಿಂದ ದಿಂಡಿಗಲ್ಲಿಗೆ ಹೋಗುವ ದಾರಿಯಲ್ಲೇ ಅದು ಇದೆ. ಸೌಂದರಂ 1952ರಲ್ಲಿ ವಿಧಾನಸಭೆಗೆ, 1962ರಲ್ಲಿ ದಿಂಡಿಗಲ್ಲಿನಿಂದ ಲೋಕಸಭೆಗೆ ಆರಿಸಿ ಬಂದು ಕೇಂದ್ರದ ಶಿಕ್ಷಣ ಉಪಮಂತ್ರಿಯಾದರು. ನಮ್ಮ ಪ್ರವಾಸದ ಕೊನೆಯ ದಿನ ಮಕ್ಕಳಿಗೆ ಗಾಂಧಿಗ್ರಾಮವನ್ನು ತೋರಿಸಿದೆವು. ಮೊಪೆಡ್ಡಿನ ಟಿ.ವಿ.ಎಸ್. ಅವರ ಮಗಳು ಕಟ್ಟಿದ್ದು ಎಂದಾಗ ಮಾತ್ರ ಅವರಿಗೆ ಆಸಕ್ತಿ ಹುಟ್ಟಿತು.

1950ರ ದಶಕದಲ್ಲಿ ಸುಂದರಂ ಮೋಟಾರ್ಸ್ ಜನರಲ್ ಮೋಟಾರ್ಸಿನ ಅತಿ ದೊಡ್ಡ ವಿತರಕ ಸಂಸ್ಥೆಯೆಂದು ಹೆಸರಾಗಿತ್ತು. ಅದೇ ಹೊತ್ತಿಗೆ, 1953ರಲ್ಲಿ, ಅಮೆರಿಕದಲ್ಲಿ ಷೆವ್ರೊಲೆಯ ಕೊರ್ವೆಟ್ ಎಂಬ ಇಬ್ಬರು ಕೂರುವ ಓಟದ ಕಾರು ಹೊರಬಂತು. ನಮ್ಮ ಕಡಪ್ಪುರದ ಈಗಿನ ಫೈಬರ್ ದೋಣಿಗಳಂತೆ ಅದರ ಮೈಯೂ ತಗಡಿನದ್ದಲ್ಲ, ಫೈಬರ್ ಗ್ಲಾಸಿನದ್ದು. ಮೊದಲ ವರ್ಷ ಮಾಡಿದ್ದು ಬರೇ 300. ಎಲ್ಲವೂ ಬಿಳಿ ಬಣ್ಣ, ಒಳಗೆ ಕೆಂಪು. ಇಂದು ಅವುಗಳನ್ನು ರಿಪೇರಿ ಮಾಡಿ ಉಳಿಸಿಕೊಳ್ಳುವುದೇ ಅಮೆರಿಕದ ಶ್ರೀಮಂತರಿಗೆ ಒಂದು ವ್ರತ. ಸ್ವಾರಸ್ಯದ ಸಂಗತಿಯೆಂದರೆ ಆ ಸುಂದರಿಯ ಹೊಟ್ಟೆಯೊಳಗಿದ್ದುದು 1941ರಲ್ಲಿ ದೊಡ್ಡ ಲಾರಿಗಳಿಗೆಂದು ಬಂದಿದ್ದ ಆರು ಸಿಲಿಂಡರಿನ ಎಂಜಿನೇ. ಮೂರು ಕಾರ್ಬೊರೇಟರು ಕೂರಿಸಿ 150 ಕುದುರೆಶಕ್ತಿಗೆ ಏರಿಸಿದ್ದರು. ಎರಕದ ಬಿಳಿ ಲೋಹ ಹೋಗಿ ಚಿಪ್ಪಿನ ಬೇರಿಂಗು, ಸೌಟಿನ ಎಣ್ಣೆ ಹೋಗಿ ಪಂಪಿನ ಎಣ್ಣೆ ಬಂದಿತ್ತು. ಷೆವ್ರೊಲೆ ಲಾರಿ ಬಿಚ್ಚಿ ಕಟ್ಟಿದ ಮಧುರೆಯ ಫಿಟ್ಟರನೊಬ್ಬನ ಮುಂದೆ ಅದರ ಬಾನೆಟ್ಟು ತೆರೆದಿದ್ದರೆ ಅವನು ಪಾನಾ ತೆಗೆದುಕೊಂಡು ನೇರ ಟ್ಯಾಪೆಟ್ಟಿಗೆ ಹೋಗುತ್ತಿದ್ದ.

1954ರಲ್ಲಿ ಜನರಲ್ ಮೋಟಾರ್ಸ್ ಬೊಂಬಾಯಿಯ ಕಾರ್ಖಾನೆ ಮುಚ್ಚಿ ಹೋಯಿತು. ಬರೇ ಜೋಡಿಸುವವರಿಗೆ ಇನ್ನು ಜಾಗವಿಲ್ಲ, ಇಲ್ಲಿಯೇ ತಯಾರಿಸಬೇಕು ಎಂದು ಸರಕಾರದ ಧೋರಣೆ ಬದಲಾಗಿತ್ತು. ಅಮೆರಿಕದ ಬಿಡಿಭಾಗ ಬರುವುದು ಕಡಿಮೆಯಾಗುತ್ತ ಬಂತು. ಹಳೆಯ ಷೆವ್ರೊಲೆ, ಡಾಜ್ ಗಾಡಿಗಳನ್ನು ಲೇತಿನಲ್ಲಿ ಕಡೆದ ಸಾಮಾನಿನಿಂದಲೂ, ಮದ್ರಾಸಿನ ಸಿಂಪ್ಸನ್ ಕಂಪೆನಿಯ ಪರ್ಕಿನ್ಸ್ ಡೀಸೆಲ್ ಎಂಜಿನು ಕೂರಿಸಿಯೂ ಜನ ಇನ್ನೂ ಬಹಳ ಕಾಲ ಓಡಿಸಿದರು. ಅಯ್ಯಂಗಾರರು ಅಷ್ಟರಲ್ಲಿ ಹೊಣೆಯನ್ನೆಲ್ಲ ಮಕ್ಕಳಿಗೆ ಬಿಟ್ಟುಕೊಟ್ಟಿದ್ದರು. 1955ನೇ ಏಪ್ರಿಲ್ 28ರಂದು ಕೊಡೈಕನಾಲಿನಲ್ಲಿ, 78ನೆಯ ವಯಸ್ಸಿನಲ್ಲಿ ತೀರಿಕೊಂಡರು.

ತಂದೆ ರಿಪೇರಿ ಮಾಡಿದ್ದನ್ನು ಮಕ್ಕಳು ತಯಾರಿಸಹೊರಟರು. 1960ರಲ್ಲಿ ವೀಲ್ಸ್ ಇಂಡಿಯಾ, ಮರುವರ್ಷ ಲ್ಯೂಕಸ್ ಟಿ.ವಿ.ಎಸ್., 1962ರಲ್ಲಿ ಬ್ರೇಕ್ಸ್ ಇಂಡಿಯಾ ಮತ್ತು ಸುಂದರಂ ಕ್ಲೇಟನ್: ಚಕ್ರ, ಡೈನಮೊ, ಬ್ರೇಕು. ಯಾವ ಭಾಗ ಮೊದಲು ಕೆಡುತ್ತದೆಂದು ಆ ಮನೆಯವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಬಸ್ಸುಗಳು ಮಾತ್ರ ಕೈಬಿಟ್ಟವು. 1972ರಲ್ಲಿ ತಮಿಳುನಾಡು ಸರಕಾರ ಖಾಸಗಿ ಬಸ್ಸುಗಳನ್ನು ರಾಷ್ಟ್ರೀಕರಿಸುತ್ತ ಮಧುರೆಯಲ್ಲಿ ಪಾಂಡ್ಯನ್ ಸಾರಿಗೆ ನಿಗಮವನ್ನು ಸ್ಥಾಪಿಸಿದಾಗ ಟಿ.ವಿ.ಎಸ್. ಬಸ್ಸುಗಳು ಅದಕ್ಕೆ ಸೇರಿದವು. ಬಸ್ಸುಗಳ ಜೊತೆಯಲ್ಲಿ ಡ್ರೈವರು, ಕಂಡಕ್ಟರು, ಫಿಟ್ಟರುಗಳೂ ಹೋದರು. ಅವರಲ್ಲಿ ಕೆಲವರು ಆಮೇಲೆ ಕೆಲಸ ಬಿಟ್ಟು ತೇನಿ, ಕಂಬಂ ದಾರಿಯಲ್ಲಿ ಸ್ವಂತದ ಸಣ್ಣ ವರ್ಕ್‌ಶಾಪು ಇಟ್ಟುಕೊಂಡರೆಂದು ಟಯರು ಅಂಗಡಿಯ ಮುದುಕರು ಹೇಳಿದ್ದರು. ಬ್ರೇಕಿನ ಸ್ಪ್ರಿಂಗನ್ನು ಅವರು ತೆಗೆದದ್ದು ಹಳೆಯ ತಗಡಿನ ಡಬ್ಬವೊಂದರಿಂದ. ಅದರೊಳಗೆ ಪ್ರತಿಯೊಂದು ಅಳತೆಯ ಸ್ಪ್ರಿಂಗು ಬೇರೆ ಬೇರೆ ಎಣ್ಣೆಕಾಗದದಲ್ಲಿ ಸುತ್ತಿಟ್ಟಿತ್ತು.